ಹಿಮ ಬೀಳುವ ಮುನ್ನವೇ ನೀರಿಗೆ ದಾರಿ

ಚಳಿಗಾಲದ ಬಿರುಗಾಳಿಗೆ ಸಿದ್ಧತೆಯೆಂದರೆ ಆಹಾರ, ಬ್ಯಾಟರಿ, ಕಂಬಳಿಗಳನ್ನು ಕೂಡಿಡುವುದು ಎಂದೇ ಹಲವರು ಭಾವಿಸುತ್ತಾರೆ. ಅವು ಬೇಕೇ ಬೇಕು. ಆದರೆ ಅಂಗಳದಲ್ಲಿ ಬಿದ್ದಿರುವ ಹಿಮವೆಲ್ಲವೂ ತಡವಾಗಿ ಹರಿಯಲಿರುವ ನೀರೇ ಎಂಬುದು ಹಿಮ ಹೆಚ್ಚು ಬೀಳುವಲ್ಲಿ ಮನೆಯನ್ನು ನೋಡಿಕೊಂಡು ಬಂದ ನನಗೆ ಚೆನ್ನಾಗಿ ಮನವರಿಕೆಯಾಗಿದೆ. ಹೊಸದಾಗಿ ಬಿದ್ದ 10 ಸೆಂ.ಮೀ. ಹಿಮ ಕರಗಿದರೆ ಸುಮಾರು 1 ಸೆಂ.ಮೀ. ನೀರಾಗುತ್ತದೆ; ಒದ್ದೆ ಹಿಮದಲ್ಲಿ ಅದಕ್ಕಿಂತಲೂ ಹೆಚ್ಚು ನೀರಿರುತ್ತದೆ. ನೆಲ ಹೆಪ್ಪುಗಟ್ಟಿದ್ದರೆ ಆ ನೀರು ಇಂಗುವುದಿಲ್ಲ, ಅದರ ಮೇಲೆ ಮಳೆಯೂ ಸುರಿದರೆ ಹರಿಯಲು ದಾರಿ ಸಿಗದೆ ಮನೆಯತ್ತಲೇ ನುಗ್ಗುತ್ತದೆ.

ಹೀಗಾಗಿ ಎಲೆ ಉದುರುವ ಕಾಲದಲ್ಲಿಯೇ ಸೂರಿನಂಚಿನಲ್ಲಿ ಮಳೆನೀರು ಹರಿಯುವ ದೋಣಿಗಳಿಂದ ಕಸ ತೆಗೆದು ಸ್ವಚ್ಛಗೊಳಿಸುತ್ತೇನೆ, ತಳಪಾಯದ ಸುತ್ತಲಿನ ಮಣ್ಣು ಹೊರಕ್ಕೆ ಇಳಿಜಾರಾಗಿದೆಯೇ ಎಂದು ಪರೀಕ್ಷಿಸುತ್ತೇನೆ. ಚರಂಡಿಯ ಬಾಯಿಯ ಪಕ್ಕದಲ್ಲಿ ಎತ್ತರದ ಕೋಲೊಂದನ್ನು ನೆಡುತ್ತೇನೆ; ಎಲ್ಲವೂ ಹಿಮದಡಿ ಮುಚ್ಚಿಹೋದಾಗ ಎಲ್ಲಿ ಅಗೆಯಬೇಕೆಂಬುದು ಇದರಿಂದ ತಿಳಿಯುತ್ತದೆ. ಹಿಮವನ್ನು ಎಲ್ಲಿ ರಾಶಿ ಹಾಕಬೇಕೆಂಬುದನ್ನೂ ಆಗಲೇ ನಿರ್ಧರಿಸಿಬಿಡುತ್ತೇನೆ. ಗೋಡೆಗೆ ಒತ್ತಿ ರಾಶಿ ಹಾಕುವುದು ಸುಲಭವೆನಿಸಿದರೂ, ಕರಗುವ ದಿನ ಆ ನೀರು ನೆಲಮಾಳಿಗೆಗೇ ಇಳಿಯುತ್ತದೆ. ದೂರಕ್ಕೆ, ಇಳಿಜಾರಿನ ಕೆಳಭಾಗಕ್ಕೆ ಸಾಗಿಸುವ ಶ್ರಮ ವ್ಯರ್ಥವಲ್ಲ. ನೆಲಮಾಳಿಗೆಗೆ ಬಂದ ನೀರನ್ನು ಹೊರಹಾಕುವ ಪಂಪಿನ ಗುಂಡಿಗೆ ಒಂದು ಬಕೆಟ್ ನೀರು ಸುರಿದು, ವಿದ್ಯುತ್ ಇಲ್ಲದಾಗಲೂ ಪಂಪು ಬ್ಯಾಟರಿಯಿಂದ ಓಡುತ್ತದೆಯೇ ಎಂದು ನೋಡುತ್ತೇನೆ.

ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುವುದರಿಂದ ಪೈಪುಗಳು ಒಡೆಯುತ್ತವೆ. ಹೊರಗೋಡೆಗೆ ತಾಗಿದ ಪೈಪುಗಳಿಗೆ ಶಾಖನಿರೋಧಕ ಹೊದಿಕೆ ಸುತ್ತಿ, ಕಡುಚಳಿಯ ರಾತ್ರಿಗಳಲ್ಲಿ ನಲ್ಲಿಯಿಂದ ಸಣ್ಣಗೆ ನೀರು ತೊಟ್ಟಿಕ್ಕಲು ಬಿಡುತ್ತೇನೆ. ನೀರಿನ ಮುಖ್ಯ ವಾಲ್ವ್ ಎಲ್ಲಿದೆ, ಅದನ್ನು ಹೇಗೆ ಮುಚ್ಚಬೇಕು ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಬೇಕು.

ವಿದ್ಯುತ್ ಹೋದಾಗ ನನಗೆ ಚಳಿಗಿಂತ ಹೆಚ್ಚು ಭಯವಿರುವುದು ಎಂಜಿನ್ ಹೊಗೆಯಲ್ಲಿರುವ, ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ನ ಬಗ್ಗೆ. ಜನರೇಟರನ್ನು ಮನೆಯೊಳಗಾಗಲಿ ಕಾರಿನ ಶೆಡ್ಡಿನಲ್ಲಾಗಲಿ ಎಂದೂ ಓಡಿಸುವುದಿಲ್ಲ. ಕಿಟಕಿ ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಆಚೆಗೆ ಹೋಗುವಂತೆ ಇಡುತ್ತೇನೆ. ಹಿಮದಲ್ಲಿ ಸಿಕ್ಕಿಕೊಂಡ ಕಾರಿನ ಎಂಜಿನ್ ಚಾಲೂ ಮಾಡುವ ಮುನ್ನ ಹೊಗೆಕೊಳವೆಯ ಸುತ್ತಲಿನ ಹಿಮವನ್ನು ತೆಗೆಯಲೇಬೇಕು. ಮುಚ್ಚಿಯೇ ಇಟ್ಟ ಫ್ರಿಜ್ಜು ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಂಪು ಹಿಡಿದಿಡುತ್ತದೆ. ಕುಡಿಯುವುದಕ್ಕೂ ಇತರ ಅಗತ್ಯಗಳಿಗೂ ಸೇರಿ ತಲಾ ದಿನಕ್ಕೆ 4 ಲೀಟರಿನಂತೆ ಕನಿಷ್ಠ ಮೂರು ದಿನಗಳ ನೀರನ್ನು ಮೊದಲೇ ತುಂಬಿಡುತ್ತೇನೆ.

ಬಿರುಗಾಳಿ ನಿಂತ ಮೇಲೆ ಅವಸರ ಸಲ್ಲದು. ಒದ್ದೆ ಹಿಮವನ್ನು ಎತ್ತುವುದು ಹೃದಯಕ್ಕೆ ದೊಡ್ಡ ಭಾರ. ಸಲಿಕೆಯಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದು, ನಡುನಡುವೆ ವಿಶ್ರಮಿಸುತ್ತೇನೆ. ಚಳಿ ಕಡಿಮೆಯಾಗಿ ಮಳೆಯ ಮುನ್ಸೂಚನೆ ಬಂದೊಡನೆ ಕೋಲು ನೆಟ್ಟ ಜಾಗಗಳನ್ನು ಅಗೆದು ಚರಂಡಿಗಳನ್ನು ತೆರೆಯುತ್ತೇನೆ, ಕಾಗದಪತ್ರಗಳನ್ನೂ ಔಷಧಿಗಳನ್ನೂ ಮೇಲಂತಸ್ತಿಗೆ ಸಾಗಿಸುತ್ತೇನೆ. ನೀರು ಮನೆಯ ಹತ್ತಿರ ಬರುವ ಮೊದಲೇ, ಕೈಕಾಲು ಒಣಗಿರುವಾಗಲೇ ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ರಭಸವಾಗಿ ಹರಿಯುವ 15 ಸೆಂ.ಮೀ. ನೀರು ದೊಡ್ಡವರನ್ನೂ ಕೆಡವಬಲ್ಲದು, 60 ಸೆಂ.ಮೀ. ನೀರು ಹೆಚ್ಚಿನ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಆದ್ದರಿಂದ ಮನೆ ಬಿಡುವ ನಿರ್ಧಾರವನ್ನು ರಸ್ತೆ ಇನ್ನೂ ಕಾಣುತ್ತಿರುವಾಗಲೇ ಕೈಗೊಳ್ಳುತ್ತೇನೆ.