ಅಜ್ಜನ ವಿಲ್ಲೀಸ್ ಬಾಡಿ, ಬೊಲೆರೊ ಚಾಸಿ

ಅಜ್ಜನ ಹಳೇ ವಿಲ್ಲೀಸ್ ಪಿಕಪ್ಪಿನ ಬಾಡಿಯನ್ನು ಬೊಲೆರೊ ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಬೇಕು ಅಂದಾಗ, "ಚಾಸಿ ಕತ್ತರಿಸದೆ ಬಾಡಿ ಕೂರಲ್ಲ" ಅಂತ ಗೋಣಿಕೊಪ್ಪದ ಕಡೆ ಮೂರು ಗ್ಯಾರೇಜಿನವರು ಹೇಳಿದ್ದರು. ಈ ಸಲದ ಕಾಫಿ ಕೊಯ್ಲಿಗೆ ಅದೇ ಗಾಡಿ ತೋಟದೊಳಗೆ ದಿನಕ್ಕೆ ಐದಾರು ಟ್ರಿಪ್ ಹೊಡೆದಿದೆ. ಚಾಸಿಗೆ ಕಟರ್ ಮುಟ್ಟಿಸಿಲ್ಲ.

ಅಜ್ಜನ ವಿಲ್ಲೀಸ್ ಪಿಕಪ್ ಗೋದಾಮಿನ ಹಿಂದೆ ಇಪ್ಪತ್ತು ಮಳೆಗಾಲ ನೆನೆದಿತ್ತು. ಎಂಜಿನ್ ಜಾಮ್, ಚಾಸಿ ಬಿಸ್ಕತ್ತಿನಂತೆ ಉದುರುತ್ತಿತ್ತು. ಅದರ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 118 ಇಂಚು. ಬೊಲೆರೊ ಕ್ಯಾಂಪರ್‌ಗೆ ಟೇಪ್ ಹಿಡಿದರೆ ಒಂದೂವರೆ ಸೆಂಟಿಮೀಟರ್ ಹೆಚ್ಚು, ಅಷ್ಟೇ. ಕುಶಾಲನಗರದ ಹತ್ತಿರ ಪಲ್ಟಿಯಾದ ಕ್ಯಾಂಪರ್ ಒಂದು ಸಿಕ್ಕಿತು. ಚಾಸಿ ಸೊಟ್ಟಗಾಗಿಲ್ಲ ಅಂತ ನೋಡಲು ಮೂಲೆಯಿಂದ ಮೂಲೆಗೆ ಅಡ್ಡ ಅಳೆದು, ಎರಡೂ ಕಡೆ ಸರಿ ಬಂದ ಮೇಲೆಯೇ ದುಡ್ಡು ಎಣಿಸಿದ್ದು, ಒಂದು ಲಕ್ಷ ಅರವತ್ತರ ಆಸುಪಾಸು.

ಗೋದಾಮಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಬಾಡಿ ಎತ್ತಿ ಇಳಿಸಿದೆವು. ಹಳೇ ಫ್ಲೋರ್ ಬಿಸಾಕಿ ಬೊಲೆರೊದ್ದೇ ಫ್ಲೋರ್, ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡು) ಬೆಸೆದೆವು. ಮೊದಲು ಬಂದ ವೆಲ್ಡರ್ ತೆಳು ತಗಡಿಗೆ ಆರ್ಕ್ ಹೊಡೆದು ಹಪ್ಪಳ ಮಾಡಿಟ್ಟ. ಹದಿನೆಂಟು ಸಾವಿರ ನೀರಿಗೆ. ಆಮೇಲೆ ಬಂದ ಹಿರಿಯ ವೆಲ್ಡರ್ ಕಾಕ ತೆಳು ತಗಡಿಗೆ ಹೊಂದುವ ಮಿಗ್ ವೆಲ್ಡಿಂಗ್ ಮಿಷನ್ ತಂದು, ಇಂಚಿಗೊಂದು ಚುಕ್ಕೆ ಬೆಸುಗೆ ಹಾಕಿ, ಒದ್ದೆ ಬಟ್ಟೆ ಒತ್ತಿ ಒತ್ತಿ ಮುಗಿಸಿದರು. ವಿಲ್ಲೀಸ್ ತಗಡಿಗೆ ಉಬ್ಬುತಗ್ಗು ಕಡಿಮೆ, ಅದೇ ಪುಣ್ಯ.

ನಿಜವಾಗಿ ಸೋತಿದ್ದು ಮೌಂಟಿನಲ್ಲಿ, ಅಂದರೆ ಬಾಡಿ ಚಾಸಿಗೆ ಕೂರುವ ಜಾಗಗಳಲ್ಲಿ. ಗಟ್ಟಿ ಇರಲಿ ಅಂತ ಬಾಡಿಯನ್ನು ನೇರ ಬ್ರಾಕೆಟ್‌ಗೆ ಬೋಲ್ಟ್ ಮಾಡಿದ್ದೆ. ಕಣಕ್ಕೆ ಇಳಿಯುವ ತಿರುವಿನಲ್ಲಿ ಒಂದು ಚಕ್ರ ಗುಂಡಿಗೆ ಬಿದ್ದದ್ದೇ ತಡ, ಎಡಗಡೆಯ ಮುಂದಿನ ಗಾಜು ಪಟ್ ಅಂತು. ಬಾಗಿಲೂ ತೆಗೆಯಕ್ಕಾಗಲಿಲ್ಲ, ಕಿಟಕಿಯಲ್ಲಿ ಇಳಿದೆ. ಎರಡು ತುಂಡಿನ ಚಪ್ಪಟೆ ಗಾಜು, ವಿರಾಜಪೇಟೆಯಲ್ಲಿ ಲ್ಯಾಮಿನೇಟೆಡ್ ಕತ್ತರಿಸಿ ಕೊಟ್ಟರು. ವಾರಕ್ಕೆ ಅದೂ ಹೋಯಿತು. "ಚಾಸಿ ತಿರುಚಿದ್ರೆ ತಿರುಚಲಿ ಅಣ್ಣಾ, ಬಾಡಿಯನ್ನ ಯಾಕೆ ಕಟ್ಟಿಹಾಕ್ತೀರಿ?" ಅಂದರು ಕಾಕ. ಕನ್ವೇಯರ್ ಬೆಲ್ಟ್ ತುಂಡು ಇಟ್ಟೆ, ಚಪ್ಪಟೆಯಾಯಿತು. ಕೊನೆಗೆ ಮುಂದೆ ಬೊಲೆರೊದ ರಬ್ಬರ್. ಕ್ಯಾಬಿನ್ ಹಿಂದಿನ ಎರಡು ಮೌಂಟಿಗೆ ಏನು ಮಾಡಿದೆ ಅಂತ ಬರೆಯಲ್ಲ. ಆ ಗ್ಯಾರೇಜಿನವರಲ್ಲಿ ಒಬ್ಬರು ಹೋದ ತಿಂಗಳು ಬಗ್ಗಿ ನೋಡಲು ಬಂದಾಗ ಅಲ್ಲಿಗೆ ಗೋಣಿ ತುರುಕಿದ್ದೆ.

ನಡುವೆ ಒಂದು ಹುಚ್ಚು: ಬಾಗಿಲಿನ ಹಿಂಜು, ಹಿಡಿಕೆಗಳ ತುಕ್ಕು ಬಿಡಿಸಲು ಡ್ರಮ್ಮಿನಲ್ಲಿ ಕಾಕಂಬಿ ನೀರು ಮಾಡಿ ಮೂರು ವಾರ ಮುಳುಗಿಸಿಟ್ಟೆ. ಒಂದು ರಾತ್ರಿ ಆನೆ ಬಂದು ಡ್ರಮ್ ಮಗುಚಿತು. ಬೆಳಿಗ್ಗೆ ಕೆಸರಿನಲ್ಲಿ ಹುಡುಕಿದರೆ ಹಿಂಜುಗಳು ಬೆಳ್ಳಿಯಂತಿದ್ದವು. ಒಂದು ಹಿಡಿಕೆ ಇವತ್ತಿಗೂ ಸಿಕ್ಕಿಲ್ಲ.

ಹದಿನೈದು ಮೂಟೆ ಹೇರಿ ಏರು ಹತ್ತಿದರೆ ಬಿಸಿಯಾಗುತ್ತಿತ್ತು. ರೇಡಿಯೇಟರ್ ಬದಲಿಸಿ ಅಂದರು ಎಲ್ಲರೂ. ನಾನು ಗ್ರಿಲ್ಲಿಗೂ ರೇಡಿಯೇಟರ್‌ಗೂ ನಡುವಿನ ಸಂದಿಗಳನ್ನು, ಗಾಳಿ ಪಕ್ಕಕ್ಕೆ ಸೋರದಂತೆ, ತಗಡಿನಿಂದ ಮುಚ್ಚಿದೆ. ಮುನ್ನೂರು ರೂಪಾಯಿ ಕೆಲಸ, ಬಿಸಿ ತೋರಿಸುವ ಮುಳ್ಳು ಏರುವುದು ನಿಂತಿತು.

ಒಟ್ಟು ಮೂರೂವರೆ ಲಕ್ಷ, ಅದರಲ್ಲಿ ಐವತ್ತು ಸಾವಿರ ನನ್ನ ದಡ್ಡತನದ್ದು. ಕಂಪನಿ ಕೊಟ್ಟ ಗಾಡಿಯ ಮೂಲ ರೂಪ ಬದಲಿಸೋದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ, ಅದನ್ನೇ ಎತ್ತಿಹಿಡಿದ 2019ರ ಸುಪ್ರೀಂ ಕೋರ್ಟ್ ತೀರ್ಪೂ ಇದೆ. ಹಾಗಾಗಿ ಗಾಡಿ ತೋಟದ ಗೇಟು ದಾಟಲ್ಲ.

ಅಜ್ಜನ ಕಾಲದ ಮೀಟರ್‌ಗಳು 6 ವೋಲ್ಟಿನವು, ಬೊಲೆರೊ 12. ಫ್ಯೂಯಲ್ ಮೀಟರ್ ಟ್ಯಾಂಕ್ ಖಾಲಿ ಇದ್ದರೂ ಅರ್ಧ ತೋರಿಸುತ್ತೆ. ಸದ್ಯಕ್ಕೆ ಕೋಲು ಇಳಿಸಿ ನೋಡ್ತೀನಿ.