ಕೆರೆಯಂಗಳದ ಪುಟ್ಟ ಏರೋಪ್ಲೇನ್ ಚಿಟ್ಟೆಯನ್ನು ಗುರುತಿಸುವ ಬಗೆ

ತುಮಕೂರಿನ ಅಮಾನಿಕೆರೆಯಂತಹ ಕೆರೆಗಳ ಅಂಚಿನಲ್ಲಿ, ನೀರು ಹಿಂದೆ ಸರಿದು ಗರಿಕೆ ಹಬ್ಬಿದ ಜೌಗು ನೆಲದಲ್ಲಿ, ಡಿಪ್ಲಾಕೋಡಿಸ್ ಟ್ರಿವಿಯಾಲಿಸ್ ಎಂಬ ಪುಟ್ಟ ಏರೋಪ್ಲೇನ್ ಚಿಟ್ಟೆಯನ್ನು ಹುಡುಕಬಹುದು. 1842ರಲ್ಲಿ ಫ್ರೆಂಚ್ ಕೀಟತಜ್ಞ ರಾಂಬೂರ್ ಇದನ್ನು ವಿವರಿಸಿ ಹೆಸರಿಟ್ಟಾಗ ‘ಸಾಮಾನ್ಯ’ ಎಂಬರ್ಥದ ‘ಟ್ರಿವಿಯಾಲಿಸ್’ ಪದವನ್ನೇ ಆರಿಸಿಕೊಂಡನು. ನನಗಂತೂ ಅದು ಅನ್ಯಾಯವೆನಿಸುತ್ತದೆ.

ಬಿಸಿಲೇರಿದ ಮೇಲೆ ಹೊರಡಿರಿ. ಇದು ಎತ್ತರದ ಜೊಂಡಿಗಿಂತ ನೆಲದ ಮೇಲೆ, ಕಲ್ಲು ಅಥವಾ ಗಿಡ್ಡ ಹುಲ್ಲಿನ ಮೇಲೆ ಕೂರುವುದರಿಂದ ನೋಟವನ್ನು ಕಾಲಬುಡದಲ್ಲೇ ಇಟ್ಟು, ನಿಮ್ಮ ನೆರಳು ಅದರ ಮೇಲೆ ಬೀಳದಂತೆ ನಿಧಾನವಾಗಿ ಸಮೀಪಿಸಬೇಕು. ಎದ್ದರೂ ಸಾಮಾನ್ಯವಾಗಿ ಸ್ವಲ್ಪ ದೂರದಲ್ಲೇ ಮತ್ತೆ ಕೂರುತ್ತದೆ, ಬೆನ್ನಟ್ಟಬೇಡಿರಿ.

ಮೊದಲು ರೆಕ್ಕೆಗಳನ್ನು ನೋಡಿರಿ: ಅವು ಬಣ್ಣವಿಲ್ಲದೆ ಪಾರದರ್ಶಕವಾಗಿದ್ದು, ಕುಳಿತಾಗಲೂ ಅಗಲವಾಗಿ ಹರಡಿರುತ್ತವೆ. ಉದರದ ಉದ್ದ ಸುಮಾರು 2 ಸೆಂಟಿಮೀಟರ್.

ಬಣ್ಣವೇ ಹೆಚ್ಚು ಮೋಸ ಮಾಡುವ ಅಂಶ. ಎಳೆಯ ಗಂಡು ಹೆಣ್ಣಿನಂತೆಯೇ ಹಸಿರು ಮಿಶ್ರಿತ ಹಳದಿಯಾಗಿದ್ದು ಉದರದ ಮೇಲೆ ಕಪ್ಪು ಗುರುತುಗಳನ್ನು ಹೊಂದಿರುತ್ತದೆ. ಬಲಿತಂತೆ ಮೈಮೇಲೆ ಮೇಣದಂತಹ ಬೂದಿ ಮೂಡಿ, ಆ ಗುರುತುಗಳು ಮುಚ್ಚಿಹೋಗಿ, ಇಡೀ ದೇಹ ತಿಳಿನೀಲಿಯಾಗುತ್ತದೆ. ಆದ್ದರಿಂದ ಹಳದಿಯದನ್ನೂ ನೀಲಿಯದನ್ನೂ ಎರಡು ಜಾತಿಗಳೆಂದು ಬರೆದುಕೊಳ್ಳುವ ತಪ್ಪು ಸಹಜ. ಸಂದೇಹವಿದ್ದರೆ ಬಾಲದ ತುದಿಯನ್ನು ಗಮನಿಸಿರಿ. ಅಲ್ಲಿನ ಪುಟ್ಟ ಉಪಾಂಗಗಳು ಕೆನೆಬಿಳುಪಾಗಿರುತ್ತವೆ.

ಹಸಿರು–ಕಪ್ಪು ಮೈಯ ಆರ್ಥೆಟ್ರಮ್ ಸಬಿನಾ ಎಂಬ ಇನ್ನೊಂದು ಏರೋಪ್ಲೇನ್ ಚಿಟ್ಟೆ ಕೂಡ ಇಲ್ಲೇ ಸುಳಿದಾಡುತ್ತದೆ. ಆದರೆ ಅದು ಬಹಳ ದೊಡ್ಡದು, ಅದರ ಉದರ ಬುಡದಲ್ಲಿ ಉಬ್ಬಿ ನಡುವೆ ಸಣ್ಣದಾಗಿರುತ್ತದೆ.