ಕ್ರೌನ್ ಪಿನಿಯನ್ ಬಿಚ್ಚದೆ ಜೀಪಿನ ಗುಂಯ್ ಸದ್ದು ಹಿಡಿದದ್ದು

ಗಾಡಿ ಹಿಂದೆ ಸದ್ದು ಅಂದ ತಕ್ಷಣ ನಮ್ಮ ಮಲೆನಾಡಿನ ಗ್ಯಾರೇಜುಗಳಲ್ಲಿ ಒಂದೇ ತೀರ್ಪು: ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ ಒಳಗಿನ ಹಲ್ಲುಚಕ್ರದ ಜೋಡಿ) ಹೋಗಿದೆ. ಗೌಡ್ರ ಜೀಪಿಗೂ ಅದೇ ಹೇಳಿದ್ದರು. ಸೆಟ್ಟು, ಬೇರಿಂಗು, ಕೂಲಿ ಎಲ್ಲ ಸೇರಿ 25 ಸಾವಿರದ ಹತ್ತಿರ ಎಸ್ಟಿಮೇಟು. ನನ್ನ ಹತ್ತಿರ ಬರುವಷ್ಟರಲ್ಲಿ ಅವರು ಕ್ರಾಸ್‌ಗೆ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಶಾಫ್ಟಿನ ಎರಡು ತುದಿಯಲ್ಲಿರುವ ಮಡಚುವ ಕೀಲು) ಎರಡು ಸಾವಿರ ಚಿಲ್ಲರೆ, ಚಕ್ರದ ಹಬ್ ಬೇರಿಂಗ್‌ಗೆ ಐದಾರು ಸಾವಿರ, ಹಿಂದಿನ ಜೋಡಿ ಟಯರ್‌ಗೆ ಹತ್ತು ಸಾವಿರದ ಮೇಲೆ ಸುರಿದಿದ್ದರು. 50 ಕಿ.ಮೀ. ವೇಗದ ಆಸುಪಾಸಿನಲ್ಲಿ ಗುಂಯ್ ಅನ್ನೋದು ಮಾತ್ರ ಹಾಗೇ ಇತ್ತು.

ನಾನು ಹೌಸಿಂಗ್ (ಕ್ರೌನ್ ಪಿನಿಯನ್ ಕೂರುವ ಕವಚ) ಬಿಚ್ಚಲು ಹೋಗಲಿಲ್ಲ. ಮೊದಲು ಡ್ರೈನ್ ಪ್ಲಗ್ ತೆಗೆದು ಎಣ್ಣೆ ನೋಡಿದೆ. ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆ ಬೂದು ಪೇಸ್ಟ್ ಇತ್ತು, ಚೂರು ಇರಲಿಲ್ಲ. ಹಲ್ಲು ತಿಂದಿದ್ದರೆ ಬೆರಳಿಗೆ ಚುಚ್ಚುತ್ತೆ. ಟಯರ್‌ಗೆ 40 ಪೌಂಡಿನ ಮೇಲೆ ಗಾಳಿ ತುಂಬಿ ಓಡಿಸಿದೆ, ಸದ್ದು ಬದಲಾಗಲಿಲ್ಲ, ಟಯರ್ ಅಲ್ಲ. ಖಾಲಿ ರಸ್ತೆಯಲ್ಲಿ ಎಡಕ್ಕೆ ಬಲಕ್ಕೆ ಎಳೆದು ನೋಡಿದೆ, ಆಗಲೂ ಸದ್ದು ಬದಲಾಗಲಿಲ್ಲ, ಹಬ್ ಅಲ್ಲ. ಇಷ್ಟು ಮೇಸ್ತ್ರಿಗಳೆಲ್ಲ ಮಾಡುವುದೇ.

ಎರಡು ಸುಳಿವು ನನಗೆ ತಲೆಯಲ್ಲಿ ಕೂತಿತು. ಹಿಂದೆ ಏಳೆಂಟು ಮೂಟೆ ಅಡಿಕೆ ಹಾಕಿದರೆ ಸದ್ದು ಅರ್ಧಕ್ಕರ್ಧ ಇಳಿಯುತ್ತೆ ಅಂದ್ರು ಗೌಡ್ರು. ಕ್ರೌನ್ ಪಿನಿಯನ್ ಸವೆದಿದ್ದರೆ ಲೋಡಿಗೆ ಸದ್ದು ಏರಬೇಕು, ಇಳಿಯಲ್ಲ. ಇನ್ನೊಂದು, ಜ್ಯಾಕ್ ಮೇಲೆ ಓಡಿಸಿದಾಗ ಸದ್ದು ಬೇರೆ ಥರ ಬರುತ್ತಿತ್ತು. ಅಲ್ಲೇ ಬಹಳ ಜನ ದಾರಿ ತಪ್ಪೋದು. ಚಾಸಿಗೆ ಜ್ಯಾಕ್ ಕೊಟ್ಟರೆ ಆಕ್ಸಲ್ ಜೋತು ಬಿದ್ದು ಕ್ರಾಸ್‌ನ ಕೋನವೇ ಬದಲಾಗುತ್ತೆ. ಇಲ್ಲದ ಸದ್ದು ಹುಟ್ಟುತ್ತೆ, ಇರುವ ಸದ್ದು ಅಡಗುತ್ತೆ. ಸ್ಟ್ಯಾಂಡು ಆಕ್ಸಲ್ ಟ್ಯೂಬಿನ ಕೆಳಗೇ ಇರಬೇಕು. ಆಗಲೂ ರಸ್ತೆಯ ಲೋಡು ಸಿಗಲ್ಲ. ಹಾಗಾಗಿ ಓಡುವಾಗಲೇ ಕೇಳಬೇಕು ಅಂತ ತೀರ್ಮಾನಿಸಿದೆ.

ತಲಾ ಮುನ್ನೂರು ರೂಪಾಯಿ ಒಳಗಿನ ಮೂರು ಕಾಲರ್ ಮೈಕು, ಮೂರು ಹಳೆ ಮೊಬೈಲು. ಒಂದು ಮೈಕು ಡಿಫ್ರೆನ್ಷಿಯಲ್ (ಆಕ್ಸಲ್ ನಡುವೆ ಕ್ರೌನ್ ಪಿನಿಯನ್ ಇರುವ ಉಂಡೆ) ಮೂತಿಗೆ, ಒಂದು ಬಲ ಚಕ್ರದ ಪಕ್ಕ ಆಕ್ಸಲ್‌ಗೆ, ಒಂದು ಗೇರ್‌ಬಾಕ್ಸ್ ಬಾಲಕ್ಕೆ. ಮೊದಮೊದಲು ಬರೀ ಗಾಳಿ ಸದ್ದೇ ತುಂಬಿತು. ಒಂದು ಮೈಕು ಸೈಲೆನ್ಸರ್ ಶಾಖಕ್ಕೆ ಕರಗಿತು, ಒಂದರ ವೈರು ಶಾಫ್ಟಿಗೆ ಸುತ್ತಿಕೊಂಡು ಹರಿಯಿತು. ಸ್ಪಂಜು, ಮೇಲೆ ಸೈಕಲ್ ಟ್ಯೂಬು ಸುತ್ತಿದ ಮೇಲೆ ಸ್ವಲ್ಪ ಸರಿಯಾಯಿತು. ಪೂರ್ತಿ ಸರಿಯಾಗಿದ್ದು ನಾನೇ ಮಾಡಿದ ಕ್ಲಾಂಪಿನಿಂದ. ಅದರ ಒಳಗೆ ಏನು ಹಾಕಿದ್ದೇನೆ ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಪಕ್ಕದ ಗ್ಯಾರೇಜಿನವರು ಬಂದು ನಿಂತು ನೋಡಿದರು. "ಏನ್ ಮೇಸ್ತ್ರಿ, ಕಿವಿ ಕೇಳಲ್ವಾ ನಿಮಗೆ? ಸುಮ್ನೆ ಹೌಸಿಂಗ್ ಇಳಿಸಿ" ಅಂದ್ರು.

ತೀರ್ಥಹಳ್ಳಿ-ಶಿವಮೊಗ್ಗ ರಸ್ತೆಯಲ್ಲಿ ಮಂಡಗದ್ದೆಯಿಂದ ಗಾಜನೂರು ಕಡೆಗೆ ಸ್ವಲ್ಪ ಸಪಾಟು ರಸ್ತೆ ಸಿಗುತ್ತೆ. ಅಲ್ಲಿ 40, 50, 60ರಲ್ಲಿ ಓಡಿಸಿ ರೆಕಾರ್ಡ್ ಮಾಡಿದೆ. ಆಮೇಲೆ ಫ್ರೀಕ್ವೆನ್ಸಿ, ಅಂದರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತೆ ಅಂತ ತೋರಿಸುವ ಆ್ಯಪ್‌ನಲ್ಲಿ ಹಾಕಿದೆ. ಲೆಕ್ಕ ಹೀಗೆ: 215/75 ಆರ್ 15 ಟಯರಿನ ಸುತ್ತಳತೆ 2.2 ಮೀಟರ್. 50ರಲ್ಲಿ ಚಕ್ರ ಸೆಕೆಂಡಿಗೆ ಆರು ಸುತ್ತಿನ ಮೇಲೆ. ಈ ಆಕ್ಸಲ್‌ನ ರೇಶಿಯೋ 41ಕ್ಕೆ 10 (ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10), ಅಂದರೆ ಶಾಫ್ಟು ಸೆಕೆಂಡಿಗೆ 26 ಸುತ್ತು. ಪಿನಿಯನ್ ಹಲ್ಲಿನ ಸದ್ದಾದರೆ 260ರ ಹತ್ತಿರ ಬರಬೇಕು. ಶಾಫ್ಟ್ ಬ್ಯಾಲೆನ್ಸ್ ತಪ್ಪಿದ್ದರೆ 26. ಟಯರ್ ಆದರೆ 6, ಇಲ್ಲವೇ ಅದರ ಎರಡು-ಮೂರು ಪಟ್ಟು. ನನಗೆ ಜೋರಾಗಿ ಸಿಕ್ಕಿದ್ದು 52. 40ರಲ್ಲಿ 41, 60ರಲ್ಲಿ 62. ಮೂರನೇ ಗೇರಿನಲ್ಲೂ ನಾಲ್ಕನೇ ಗೇರಿನಲ್ಲೂ ಅದೇ, ಅಂದರೆ ಇಂಜಿನ್ ಅಲ್ಲ. ಶಾಫ್ಟ್ ಒಂದು ಸುತ್ತಿಗೆ ಎರಡು ಸಲ. ಅದು ಕ್ರಾಸ್‌ನ ಸಹಿ! ಮೂತಿಯ ಮೈಕಿನಲ್ಲೂ ಗೇರ್‌ಬಾಕ್ಸ್ ಬಾಲದ ಮೈಕಿನಲ್ಲೂ ಸದ್ದು ಹೆಚ್ಚುಕಮ್ಮಿ ಒಂದೇ ಜೋರು, ಚಕ್ರದ ಪಕ್ಕ ತೀರಾ ಕಡಿಮೆ. ತೊಂದರೆ ನಡುವೆ ಇದೆ ಅಂತ ಖಾತ್ರಿಯಾಯಿತು.

ರೇಶಿಯೋ ಗೊತ್ತಿಲ್ಲದಿದ್ದರೆ ಒಂದು ಚಕ್ರ ಮಾತ್ರ ಎತ್ತಿ, ಇನ್ನೊಂದು ನೆಲದ ಮೇಲಿರಲಿ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿ. ಶಾಫ್ಟು ಎಷ್ಟು ಸುತ್ತಿತೋ ಅದೇ ರೇಶಿಯೋ.

ಈ ನಡುವೆ ಒಂದು ಉಪಪ್ರಯೋಗವನ್ನೂ ಮಾಡಿದೆ. ಶಾಫ್ಟಿಗೆ ಎರಡು ಹೋಸ್ ಕ್ಲಿಪ್ ಬಿಗಿದು, ಅವುಗಳ ಸ್ಕ್ರೂ ತಲೆಯನ್ನೇ ತೂಕವಾಗಿ ಇಟ್ಟು, ಸ್ವಲ್ಪಸ್ವಲ್ಪ ತಿರುಗಿಸಿ ಓಡಿಸೋದು. ಸುಮಾರು ಐವತ್ತು ರೂಪಾಯಿ ಖರ್ಚು. ಆ್ಯಪ್‌ನಲ್ಲಿ 26ರ ಗೆರೆ ಚೆನ್ನಾಗಿ ತಗ್ಗಿತು, 52 ಅಲುಗಲಿಲ್ಲ. ಬ್ಯಾಲೆನ್ಸಿಂಗ್‌ಗೆ ದೂರ ಕಳಿಸುವ ಮುಂಚೆ ಇದನ್ನು ಮಾಡಿ ನೋಡಿ, ನಿಜವಾಗಿ ಕೆಲಸ ಮಾಡುತ್ತೆ.

ಗೌಡ್ರ ಹತ್ತಿರ ಬಿಲ್ಲುಗಳನ್ನೆಲ್ಲ ತರಿಸಿ ತಾರೀಕು ಪ್ರಕಾರ ಜೋಡಿಸಿದೆ. ಹೊರಡುವಾಗ ಟಕ್ ಅಂತಿದೆ ಅಂತ ಮೊದಲು ಕ್ರಾಸ್ ಹಾಕಿಸಿದ್ದು. ಟಕ್ ಹೋಯಿತು. ಗುಂಯ್ ಶುರುವಾಗಿದ್ದು ಅದಾದ ಮೇಲೆ. ಹಬ್ಬು, ಟಯರು ಎಲ್ಲ ಆ ಗುಂಯ್‌ಗಾಗಿ ಮಾಡಿಸಿದ ಖರ್ಚು. ಈ ಕ್ರಮವನ್ನು ಯಾರೂ ಕೇಳಿರಲಿಲ್ಲ.

ಕೆಳಗೆ ಮಲಗಿ ಸ್ಲಿಪ್ ಜಾಯಿಂಟ್ (ಶಾಫ್ಟು ಉದ್ದ-ಗಿಡ್ಡ ಆಗಲು ಜಾರುವ ಜಾಗ) ಹತ್ತಿರದ ಮಣ್ಣು, ಗ್ರೀಸು ಕೆರೆದೆ. ಎರಡು ಬಾಣದ ಗುರುತು ಕಂಡವು, ಎದುರುಬದುರು ಇರಲಿಲ್ಲ. ಮುಂದಿನ ಯೋಕ್ (ಕ್ರಾಸ್ ಹಿಡಿಯುವ ಕವಲು) ಮಟ್ಟಕ್ಕೆ ತಂದು ಹಿಂದಿನ ಯೋಕ್‌ಗೆ ಮೊಬೈಲಿನ ಲೆವೆಲ್ ಇಟ್ಟೆ. 22 ಚಿಲ್ಲರೆ ಡಿಗ್ರಿ ವಾರೆ. ಆ ಜಾಯಿಂಟಿನಲ್ಲಿ ಒಂದರೊಳಗೊಂದು ಕೂರುವುದು 16 ಹಲ್ಲಿನ ಸ್ಪ್ಲೈನು, ಕ್ರಾಸ್ ಹಾಕಿದವರು ಸರಿಯಾಗಿ ಒಂದು ಹಲ್ಲು ಆಚೆ ಕೂರಿಸಿದ್ದರು. ಎರಡು ಯೋಕು ಒಂದೇ ಸಾಲಿನಲ್ಲಿದ್ದರೆ ಮುಂದಿನ ಕ್ರಾಸ್‌ನ ಏರಿಳಿತವನ್ನು ಹಿಂದಿನದು ಕಳೆಯುತ್ತೆ. ವಾರೆಯಾದರೆ ಪೂರ್ತಿ ಕಳೆಯಲ್ಲ, ಉಳಿದದ್ದು ಗುಂಯ್ ಅಂತ ಗಾಡಿಯ ಬಾಡಿಯಲ್ಲಿ ಕೇಳುತ್ತೆ. ಅಡಿಕೆ ಮೂಟೆಗೆ ಬಾಡಿ ಕೂತಾಗ ಕೋನ ಕಡಿಮೆಯಾಗಿ ಸದ್ದು ಇಳಿದದ್ದೂ ಇದಕ್ಕೇ.

ನಾಲ್ಕು ಬೋಲ್ಟು ಬಿಚ್ಚಿ, ಒಂದು ಹಲ್ಲು ಸರಿಸಿ, ಗ್ರೀಸ್ ಹೊಡೆದು ಹಾಕಿದ್ದಕ್ಕೆ ಅರ್ಧ ಗಂಟೆ. 52ರ ಗೆರೆ ಮಾಯ. ಗೌಡ್ರು 70ರವರೆಗೆ ಎಳೆದು ನೋಡಿ, ಗಾಡಿ ನಿಲ್ಲಿಸಿ, ನನ್ನ ಕೈ ಹಿಡ್ಕೊಂಡ್ರು. ಎಲ್ಲ ಸೇರಿ 1,500 ತಗೊಂಡೆ. ಇಂಥ ಪತ್ತೆ ಕೆಲಸಕ್ಕೆ ಈಗ ಇದೇ ನನ್ನ ರೇಟು, ಶಾಫ್ಟು ಬಿಚ್ಚಲಿ ಬಿಡಲಿ. ಹೌಸಿಂಗ್ ಇಳಿಸಿ ಅಂದವರೇ ಆಮೇಲೆ ಒಂದು ಪಿಕಪ್ ತಂದು ಬಿಟ್ಟಿದ್ದಾರೆ. ಅದು ಎರಡು ತುಂಡಿನ ಶಾಫ್ಟು, ಲೋಡ್ ಹಾಕಿ ಹೊರಡುವಾಗ ಮಾತ್ರ ಅದುರುತ್ತೆ. ಆ ಶಾಫ್ಟನ್ನು ನಡುವೆ ಹಿಡಿಯುವ ಸೆಂಟರ್ ಬೇರಿಂಗ್ ರಬ್ಬರ್ ಮೇಲೆ ನನಗೆ ಅನುಮಾನ. ಮೈಕು ಕಟ್ಟಿ ಆಗಿದೆ, ಮಳೆ ಬಿಟ್ಟ ತಕ್ಷಣ ಓಡಿಸಬೇಕು.